ವೃಷಭಾವತಿ ದಾಸರ ಏಕೈಕ ತಿಲ್ಲಾನ

ನನ್ನ ಗಂಡ ಗೌತಮ್ ಸಂಗೀತ ನಿರ್ದೇಶಕ. ಹೀಗೆಂದು ಯಾರಿಗೆ ಹೇಳಿದರೂ ಮೊದಲ ಪ್ರಶ್ನೆ, ಯಾವ ಪಿಕ್ಚರ್? ಯಾವುದೂ ಇಲ್ಲ ಎಂದರೆ ಮುಖದಲ್ಲಿ ಒಂದಿಷ್ಟು ಕರುಣೆ ತಂದುಕೊಂಡು, ಹಾಗಾದರೆ ಮದುವೆ ಆರ್ಕೆಸ್ಟ್ರಾನಾ ಎನ್ನುತ್ತಾರೆ. ಅದೂ ಅಲ್ಲ. ಯಾರು ಕೇಳಿದರೆ ಅವರಿಗೆ, ಏನು ಕೇಳಿದರೆ ಅದನ್ನು, ನಾಳೆ ಬೆಳಗ್ಗೆಯೊಳಗೆ ಮನೆಯಲ್ಲೇ ಕೂತು ಮಾಡಿಕೊಡುವ ಸಂಗೀತ ನಿರ್ದೇಶಕ. ಸೈಟು ಮಾರುವವರ ಜಾಹೀರಾತಿಗೆ ಕೊಳಲು, ಕಾರ್ಪೊರೇಟರ್ ಹುಟ್ಟುಹಬ್ಬಕ್ಕೆ ತಮಟೆ, ಎಂಜಿನಿಯರಿಂಗ್ ಹುಡುಗರ ಕಿರುಚಿತ್ರಕ್ಕೆ ಪಿಟೀಲು. ಕಿರುಚಿತ್ರಗಳಲ್ಲಿ ಕೊನೆಗೆ ಯಾರಾದರೂ ಸಾಯಲೇಬೇಕು, ಸತ್ತಾಗ ಪಿಟೀಲು ಬೇಕೇ ಬೇಕು. ಹೆಸರು ಹಾಕುತ್ತೇವೆ ಅಣ್ಣ ಎಂದು ಆ ಹುಡುಗರು ಆಣೆ ಮಾಡುತ್ತಾರೆ. ಹಾಕಿದಾಗ ಗೌತಮ್ ಹೋಗಿ ಗೌತಮಿ ಆಗಿರುತ್ತದೆ.

ನಮ್ಮದು ಬಸವೇಶ್ವರನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಇರುವ ಒಂದು ರೂಮು ಅವನ ಸ್ಟುಡಿಯೋ. ಸದ್ದು ಹೊರಗಿನಿಂದ ಬರಬಾರದೆಂದು ಹಾಸಿಗೆಗಳನ್ನೆಲ್ಲ ಗೋಡೆಗೆ ಆನಿಸಿ ನಿಲ್ಲಿಸಿದ್ದಾನೆ, ಹಾಗಾಗಿ ನಾವು ಹಾಲಿನಲ್ಲಿ ಚಾಪೆ ಹಾಸಿ ಮಲಗುತ್ತೇವೆ. ಅವನು ಹಾಡುವಾಗ ಫ್ಯಾನ್ ಇಲ್ಲ, ಮಿಕ್ಸಿ ಇಲ್ಲ, ನಾನು ಸೀನುವಂತಿಲ್ಲ. ಕೆಳಗಿನ ಓನರ್ ಆಂಟಿ ಸಂಪಿನ ಮೋಟಾರ್ ಹಾಕಿದರೆ ರಾಗ ಇದ್ದಲ್ಲೇ ನಿಲ್ಲುತ್ತದೆ. ನಾನು ಹತ್ತಿರದ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸದವಳು. ಅವನ ಸಂಗೀತದಿಂದ ಬರುವುದು ಸಂಗೀತದ ವೈರುಗಳಿಗೇ ಹೋಗುತ್ತದೆ. ಮನೆ ನಡೆಯುವುದು ಊರಿನವರ ಸಕ್ಕರೆ ಕಾಯಿಲೆಯಿಂದ.

ಇದರಿಂದ ನನಗೆ ಬೇಸರವಿಲ್ಲ. ಅವನ ಕೈಯಲ್ಲಿ ನಿಜವಾಗಿ ಏನೋ ಇದೆ ಎಂದು ನನಗೆ ಮೊದಲಿಂದ ಗೊತ್ತು. ಬೇಸರವೆಲ್ಲ ನಮ್ಮ ಮಾವನದು. ಮಾವ ಬೈರಯ್ಯನವರು ಹೆಗ್ಗನಹಳ್ಳಿಯ ಹಳೇ ಕುಳ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಾರೆ. ಮಗ ಮನೆಯಲ್ಲಿ ಕೂತು ಮಾಡುವುದು ಕೆಲಸವೋ ಅಲ್ಲವೋ ಎಂಬುದು ಅವರಿಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಆದರೆ ಮಾವ ಕೆಟ್ಟವರಲ್ಲ. ಒಂದು ಮಾತು ಹೇಳಿದ್ದರು: ನಮ್ಮೂರ ಹೆಸರು ಬಸ್ಸಿನ ಬೋರ್ಡ್ ಮೇಲೆ ಬಿಟ್ಟರೆ ಬೇರೆಲ್ಲೂ ನೋಡಿಲ್ಲ, ಒಂದು ಸಲ ಥಿಯೇಟರ್ ಪರದೆ ಮೇಲೆ ಬರಲಿ, ಆಮೇಲೆ ನಾನು ತುಟಿ ಬಿಚ್ಚಲ್ಲ. ಅವತ್ತಿನಿಂದ ನನ್ನ ಗಂಡ ಗೌತಮ್ ಹೆಗ್ಗನಹಳ್ಳಿ ಆದ. ಆ ಹೆಸರನ್ನು ಒಂದೇ ಒಂದು ಸಲ ಅಪ್ಪನಿಗೆ ತೋರಿಸಬೇಕೆಂಬುದೇ ಅವನ ಆಸೆ. ಬೇರೆ ಏನನ್ನೂ ಅವನು ಯಾರಿಂದಲೂ ಕೇಳಿದವನಲ್ಲ.

ರಾಜಾಜಿನಗರದ ಮಾಲವಿಕಾ ಮೇಡಂ ಭರತನಾಟ್ಯ ಕಲಿಸುತ್ತಾರೆ. ಅವರ ಶಿಷ್ಯೆ ಕವನಾಳ ರಂಗಪ್ರವೇಶಕ್ಕೆ ಕೊನೆಯ ನೃತ್ಯವಾಗಿ ಒಂದು ತಿಲ್ಲಾನ ಬೇಕಿತ್ತು. ಸೀರೆ, ಒಡವೆ, ಊಟ, ಆಮಂತ್ರಣ ಪತ್ರಿಕೆಯ ಮೇಲಿನ ಬಂಗಾರದ ಬಣ್ಣ ಇವೆಲ್ಲ ಮುಗಿದ ಮೇಲೆ ಉಳಿದದ್ದು ಸಂಗೀತ. ವಾದ್ಯದವರನ್ನು ಕರೆಸಲು ಆಗಲ್ಲ, ರೆಕಾರ್ಡ್ ಮಾಡಿಕೊಡಿ ಗೌತಮ್ ಎಂದರು ಮೇಡಂ. ಹಳೇ ಥರ ಇರಬೇಕು, ಆದರೆ ಹೊಸದಾಗಿರಬೇಕು ಎಂಬುದು ಅವರ ಬೇಡಿಕೆ. ಇಂಥ ಮಾತಿಗೆ ಅವನು ಯಾವತ್ತೂ ಆಯಿತು ಮೇಡಂ ಎನ್ನುತ್ತಾನೆ.

ಅದು ಹುಟ್ಟಿದ್ದಕ್ಕೆ ನಾನೇ ಸಾಕ್ಷಿ. ಕೆಂಗೇರಿ ಉಪನಗರದಲ್ಲಿ ನಮ್ಮ ನೆಂಟರ ಮನೆಯ ನಾಮಕರಣ ಮುಗಿಸಿಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದೆವು. ಮೈಸೂರು ರಸ್ತೆಯಲ್ಲಿ ಆ ದೊಡ್ಡ ಮೋರಿಯ ಪಕ್ಕದಲ್ಲೇ ಟ್ರಾಫಿಕ್ ನಿಂತುಬಿಟ್ಟಿತು. ನಾನು ಸೀರೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಊರಿನ ಎಲ್ಲರನ್ನೂ ಬೈಯುತ್ತಿದ್ದೆ. ಇವನು ಹೆಲ್ಮೆಟ್ ಒಳಗೆ ಗುನುಗುತ್ತಿದ್ದ. ಇದು ಮೋರಿ ಅಲ್ಲ ಕಣೇ, ಇದು ಹೊಳೆ, ಹೆಸರು ವೃಷಭಾವತಿ, ನಮ್ಮಜ್ಜ ಇಲ್ಲಿ ಎತ್ತು ಈಜಾಡಿಸ್ತಿದ್ದರಂತೆ ಎಂದ. ನಾಯಂಡಹಳ್ಳಿ ಮುಟ್ಟುವ ಹೊತ್ತಿಗೆ ತಿಲ್ಲಾನದ ಸಾಹಿತ್ಯ ತಯಾರಾಗಿತ್ತು.

ತಿಳಿನೀರ ವೃಷಭಾವತಿ ತೀರದಲಿ ನಲಿದಾಡೊ
ಎಳೆಗರುವಿನಂದದಲಿ ಎನ್ನ ಮನವೇ.

ಅಂಥ ನಾತದಲ್ಲಿ ಅಂಥ ಸಾಲು ಹೇಗೆ ಬಂತೋ. ಮನೆಗೆ ಬಂದವನೇ ರೂಮು ಸೇರಿ ರಾಗ ಹಾಕಿ ತಾನೇ ಹಾಡಿದ. ನಾನು ಸುಲಭಕ್ಕೆ ಹೊಗಳುವವಳಲ್ಲ, ಅವತ್ತು ಹೊಗಳಿದೆ.

ಈಗ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ನೃತ್ಯ ಕಾರ್ಯಕ್ರಮಗಳಲ್ಲಿ ಪ್ರತಿ ಐಟಮ್ಮಿಗೂ ಮುಂಚೆ ನಿರೂಪಕರು ಬಂದು ರಾಗ ಯಾವುದು, ತಾಳ ಯಾವುದು, ರಚನೆ ಯಾರದು ಎಂದು ಹೇಳುತ್ತಾರೆ. ಮೇಡಂ ಕಾರ್ಯಕ್ರಮಗಳ ನಿರೂಪಕರು ಶ್ರೀಶೈಲ ಮೇಷ್ಟ್ರು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ ವಿಜಯನಗರದಲ್ಲಿ ನೆಲೆಸಿದವರು. ಭಾರವಾದ ದನಿ, ಹೆಗಲ ಮೇಲೆ ಶಾಲು. ಆ ದನಿಯಲ್ಲಿ ಅವರು ಪಾರ್ಕಿಂಗ್ ಸೂಚನೆ ಕೊಟ್ಟರೂ ಎದ್ದು ಕೈ ಮುಗಿಯಬೇಕು ಅನಿಸುತ್ತದೆ. ರಂಗಪ್ರವೇಶದ ದಿನ ನಮ್ಮ ಮಾವ ಜರಿ ಪಂಚೆ ಉಟ್ಟು ಎರಡನೇ ಸಾಲಿನಲ್ಲಿ ಕೂತಿದ್ದರು, ಮಗನ ಹೆಸರು ಮೈಕಿನಲ್ಲಾದರೂ ಬರುತ್ತದೆ ಎಂದು. ಮೇಷ್ಟ್ರು ಬಂದರು. ರಾಗ ಹೇಳಿದರು, ತಾಳ ಹೇಳಿದರು. ರಚನೆ, ಪಾರಂಪರಿಕ ಎಂದು ಹೇಳಿ ಹೊರಟುಹೋದರು.

ಯಾರು ಬರೆದರೋ ಗೊತ್ತಿಲ್ಲ, ತಲೆತಲಾಂತರದಿಂದ ಬಂದಿದೆ ಎಂದು ಅದರ ಅರ್ಥ. ಬರೆದವನು ಪರದೆಯ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ಮುಗಿದ ಮೇಲೆ ಮೇಡಂ ಅವನನ್ನು ಪಕ್ಕಕ್ಕೆ ಕರೆದು ಬೇಜಾರು ಮಾಡಿಕೊಳ್ಳಬೇಡಿ ಎಂದರು. ಉಳಿದ ರಚನೆಗಳೆಲ್ಲ ಇನ್ನೂರು ವರ್ಷ ಹಿಂದಿನ ಮಹಾನುಭಾವರದು, ಅವರ ಸಾಲಿನಲ್ಲಿ ಗೌತಮ್ ಹೆಗ್ಗನಹಳ್ಳಿ ಅಂದರೆ ಕವನಾಳ ಅಜ್ಜಿ ಏನಂದುಕೊಳ್ಳುತ್ತಾರೆ, ದುಡ್ಡು ಉಳಿಸೋಕೆ ಯಾವುದೋ ಹುಡುಗನ ಹತ್ತಿರ ಮಾಡಿಸಿದರು ಅಂತಾರೆ ಎಂದು ವಿವರಿಸಿದರು. ಇವನು ಪರವಾಗಿಲ್ಲ ಮೇಡಂ ಎಂದ. ಮಾವ ಕಾರಿನಲ್ಲಿ ಕಿಟಕಿಯಾಚೆಯ ಅಂಗಡಿ ಬೋರ್ಡುಗಳನ್ನು ನೋಡುತ್ತಾ ಕೂತರು. ನಾನು ಮಾತ್ರ ಮನೆವರೆಗೂ ಮಾತಾಡಿದೆ.

ಆಮೇಲೆ ಆ ತಿಲ್ಲಾನಕ್ಕೆ ಕಾಲು ಬಂತು. ಮೇಡಂ ಕೈಯಿಂದ ಶಿಷ್ಯೆಯರ ಫೋನಿಗೆ, ಅಲ್ಲಿಂದ ಅವರು ನಡೆಸುವ ಗ್ಯಾರೇಜಿನ ಡ್ಯಾನ್ಸ್ ಕ್ಲಾಸುಗಳಿಗೆ, ಅಲ್ಲಿಂದ ಶಾಲಾ ವಾರ್ಷಿಕೋತ್ಸವಗಳಿಗೆ. ಗಣೇಶನ ಪೆಂಡಾಲಿನಲ್ಲೂ ಕೇಳಿದೆ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ದಾಟಿ ದಾಟಿ ಅದರ ಧ್ವನಿ ಸವೆದು, ತಂಬೂರಿ ಇದ್ದಲ್ಲಿ ಸುಯ್ ಎನ್ನುವ ಗಾಳಿ ಸದ್ದು ಸೇರಿಕೊಂಡಿತ್ತು. ಎಲ್ಲಾ ಕಡೆಯೂ ರಚನೆ ಪಾರಂಪರಿಕವೇ.

ಶ್ರೀಶೈಲ ಮೇಷ್ಟ್ರಿಗೆ ಒಂದೇ ಮಾತನ್ನು ಎರಡು ಸಲ ಹೇಳುವುದು ಅವಮಾನ. ಮುಂದಿನ ಕಾರ್ಯಕ್ರಮದಲ್ಲಿ ಅವರು ಅಜ್ಞಾತ ವಾಗ್ಗೇಯಕಾರರೊಬ್ಬರ ರಚನೆ ಎಂದರು. ಅದರ ಮುಂದಿನದರಲ್ಲಿ ವೃಷಭಾವತಿ ಎಂಬ ಅಂಕಿತದಿಂದ ಹಾಡಿದ ದಾಸರೊಬ್ಬರು ಎಂದರು. ವರ್ಷ ಕಳೆಯುವುದರೊಳಗೆ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ವೃಷಭಾವತಿ ದಾಸರ ಬಗ್ಗೆ ಅವರದೊಂದು ಲೇಖನವೇ ಬಂತು. ಅದರ ವಾದ ಬಹಳ ಗಟ್ಟಿ. ಇಂದಿನ ಯಾರಾದರೂ ಆ ನೀರನ್ನು ತಿಳಿನೀರು ಎಂದಾರೆಯೇ? ಸಾಧ್ಯವಿಲ್ಲ. ಆದ್ದರಿಂದ ಈ ಕವಿ ಹೊಳೆ ತಿಳಿಯಾಗಿದ್ದ ಕಾಲದವರು, ಕಡಿಮೆಯೆಂದರೂ ನೂರೈವತ್ತು ವರ್ಷ ಹಿಂದಿನವರು. ಇಂಥ ಅಪೂರ್ವ ಕೃತಿಯನ್ನು ಬೆಳಕಿಗೆ ತಂದ ಮಾಲವಿಕಾ ಅವರಿಗೆ ನಾಡು ಋಣಿಯಾಗಿರಬೇಕು.

ಗೌತಮ್ ಅದನ್ನು ಓದಿ ಬಿದ್ದು ಬಿದ್ದು ನಕ್ಕ. ನನ್ನ ಕೈಲಿ ತನಗೆ ನಮಸ್ಕಾರ ಮಾಡಿಸಿಕೊಳ್ಳಲು ನೋಡಿದ. ದಾಸರೇ, ಹಾಲು ತಗೊಂಡು ಬನ್ನಿ ಎಂದು ನಾನೂ ಆಡಿಕೊಂಡೆ. ಮೇಡಂಗೆ ಫೋನ್ ಮಾಡಿದಾಗ ಅವರೂ ನಕ್ಕು, ಮೇಷ್ಟ್ರು ಸ್ವಲ್ಪ ಜಾಸ್ತಿ ಮಾಡ್ತಾರೆ, ಬಿಡಿ ಎಂದರು. ನಾವು ಬಿಟ್ಟೆವು. ಆ ನಗು ಎಷ್ಟು ದುಬಾರಿ ಎಂದು ಆಗ ತಿಳಿಯಲಿಲ್ಲ.

ಅಷ್ಟರಲ್ಲಿ ಪಿಕ್ಚರ್ ಬಂತು. ನಿರ್ದೇಶಕ ಶ್ರೀರಾಮ್, ಕೆಂಗೇರಿ ಉಪನಗರದ ಹುಡುಗ, ಮೊದಲ ಚಿತ್ರ. ನಿರ್ಮಾಪಕರು ಲೇಔಟ್ ಮಾಡುವವರು. ಸಿನಿಮಾ ಒಬ್ಬ ನರ್ತಕಿಯ ಕಥೆ. ಗೌತಮ್ ಮಾಡಿದ್ದ ಒಂದು ಕಿರುಚಿತ್ರದ ಪಿಟೀಲು ಕೇಳಿ ಶ್ರೀರಾಮ್ ಮನೆ ಹುಡುಕಿಕೊಂಡು ಬಂದಿದ್ದ. ಹಿನ್ನೆಲೆ, ಹಾಡು, ಎಲ್ಲಾ ನಿಮ್ಮದೇ ಗುರು, ಒಂಟಿ ಕಾರ್ಡ್, ಪರದೆ ಮೇಲೆ ನಿಮ್ಮ ಹೆಸರೊಂದೇ, ಸಂಗೀತ ಗೌತಮ್ ಹೆಗ್ಗನಹಳ್ಳಿ ಅಂತ ಬರುತ್ತೆ ಎಂದ. ಇವನು ಅವತ್ತೇ ಹೆಗ್ಗನಹಳ್ಳಿಗೆ ಓಡಿ ಅಪ್ಪನಿಗೆ ಹೇಳಿ ಬಂದ. ಮಾವ ಬಾಡಿಗೆದಾರರಿಗೆಲ್ಲ ಹೇಳಿದರು. ಬಾಡಿಗೆ ಕೊಡದವರಿಗೂ ಹೇಳಿದರು.

ಕ್ಲೈಮ್ಯಾಕ್ಸ್ ನೃತ್ಯಕ್ಕೆ ಒಂದು ಮಾದರಿ ಟ್ಯೂನ್ ಕೊಡುತ್ತೇನೆ, ಅದರ ಥರ ಬೇಕು ಎಂದು ಶ್ರೀರಾಮ್ ಫೋನು ತೆಗೆದು ಒತ್ತಿದ. ಸುಯ್ ಎನ್ನುವ ಗಾಳಿಯ ನಡುವೆ ನನ್ನ ಗಂಡನ ದನಿ ಬಂತು. ತಿಳಿನೀರ ವೃಷಭಾವತಿ.

ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿದ್ದೆ. ಗೌತಮ್ ನಗುತ್ತಾ ಇದು ನಂದೇ ಗುರು ಎಂದ. ಶ್ರೀರಾಮನೂ ನಕ್ಕ. ಹಾಡಿರೋದು ನೀವಾ, ದನಿ ಹಾಗೇ ಇದೆ ಅನ್ಕೊಂಡೆ ಎಂದ. ಹಾಡಿದ್ದೂ ನಾನು, ಬರೆದಿದ್ದೂ ನಾನು ಎಂದು ಇವನು ಎಷ್ಟು ಹೇಳಿದರೂ, ಹಾಡಿದವರೆಲ್ಲ ಬರೆದವರಾಗಲ್ಲ ಎಂಬ ಮಾತಿಗೇ ಅದು ಹೋಗಿ ನಿಂತಿತು. ಮೇಷ್ಟ್ರ ಲೇಖನ ಶ್ರೀರಾಮನ ಫೋನಿನಲ್ಲೇ ಇತ್ತು. ಗೌತಮ್ ಕಂಪ್ಯೂಟರಿನಲ್ಲಿದ್ದ ಮೂಲ ರೆಕಾರ್ಡಿಂಗನ್ನೇ ಹಾಕಿ ಕೇಳಿಸಿದ. ಗಾಳಿ ಸದ್ದಿಲ್ಲ, ತಂಬೂರಿ ಸ್ವಚ್ಛ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ಶ್ರೀರಾಮ್ ಕಣ್ಣು ಮುಚ್ಚಿ ಪೂರ್ತಿ ಕೇಳಿದ.

"ಚೆನ್ನಾಗ್ ಕಾಪಿ ಮಾಡಿದೀರ ಗುರು," ಎಂದ. "ಆದ್ರೆ ಆ ಹಳೇ ತೂಕ ಬಂದಿಲ್ಲ."

ಆ ತೂಕ ತರಲು ಗೌತಮ್ ಮತ್ತೆ ಹಾಡಿದ. ಮೂಗಿನಲ್ಲಿ ಹಾಡಿದ, ಮುದುಕನಂತೆ ಹಾಡಿದ. ತನ್ನದೇ ಹಾಡಿನ ನಕಲು ಮಾಡಿ, ಮಾಡಿದ್ದನ್ನೆಲ್ಲ ಕಳಿಸಿ, ಪ್ರತಿಯೊಂದಕ್ಕೂ ಮೂಲದ ಆತ್ಮ ಇಲ್ಲ ಗುರು ಎನ್ನಿಸಿಕೊಂಡ. ಕೊನೆಗೆ ಶ್ರೀರಾಮನೇ ಒಂದು ಉಪಾಯ ಕಂಡುಕೊಂಡ. ವಾಟ್ಸಾಪಿನ ಆ ಸವೆದ ತುಣುಕನ್ನೇ ಚಿತ್ರದಲ್ಲಿ ಹಾಕುವುದು. ದಾಸರು ತೀರಿಕೊಂಡು ಶತಮಾನ ಕಳೆದಿದೆ, ಯಾರ ಒಪ್ಪಿಗೆಯೂ ಬೇಡ, ನಿರ್ಮಾಪಕರಿಗೂ ಖುಷಿ. ಕಳೆದುಹೋದ ದಾಸರ ಏಕೈಕ ತಿಲ್ಲಾನ, ಮೊದಲ ಬಾರಿಗೆ ಬೆಳ್ಳಿತೆರೆಯ ಮೇಲೆ ಎಂದು ಪೋಸ್ಟರಿಗೂ ಒಂದು ಮಾತು ಸಿಕ್ಕಿತು. ಒಂಟಿ ಕಾರ್ಡು ದಾಸರಿಗೆ. ನಿಮ್ಮ ಹೆಸರೂ ಇರುತ್ತೆ ಗುರು, ಕೊನೇಲಿ ಹಾಕ್ತೀವಿ ಎಂದ.

ಆ ದಿನ ಗೌತಮ್ ಊಟ ಮಾಡಲಿಲ್ಲ. ಅವನ ಮುಖ ನೋಡಿದರೆ ನನಗೆ ಯಾರನ್ನಾದರೂ ಹೊಡೆಯಬೇಕು ಅನಿಸುತ್ತಿತ್ತು. ಸತ್ಯ ಹೇಳಬಲ್ಲವರು ಊರಿನಲ್ಲಿ ಒಬ್ಬರೇ ಇದ್ದರು. ಡ್ಯೂಟಿ ಮುಗಿಸಿ ಲ್ಯಾಬಿನ ಬಿಳಿ ಕೋಟಿನಲ್ಲೇ ರಾಜಾಜಿನಗರಕ್ಕೆ ಹೋದೆ.

ಮಾಲವಿಕಾ ಮೇಡಂ ಪುಟ್ಟ ಮಕ್ಕಳಿಗೆ ಹೆಜ್ಜೆ ಹೇಳಿಕೊಡುತ್ತಿದ್ದರು. ಮಕ್ಕಳನ್ನು ಕೂರಿಸಿ ನನ್ನನ್ನು ಒಳಗೆ ಕರೆದರು, ಕಾಫಿ ಕೊಟ್ಟರು, ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಇದು ಗೌತಮ್ ಮಾಡಿದ್ದು ಎಂದು ಶ್ರೀರಾಮನಿಗೆ ಒಂದು ಫೋನ್ ಮಾಡಿ ಸಾಕು ಎಂದೆ. ಅವರು ಗೋಡೆ ನೋಡಿದರು. ಗೋಡೆಯ ಮೇಲೆ ಹೊಸ ಪ್ರಶಸ್ತಿ ಫಲಕವಿತ್ತು, ವೃಷಭಾವತಿ ದಾಸರ ಕೃತಿಯ ಸಂಶೋಧನೆಗಾಗಿ. ಈಗ ಅದು ಹೋದ ವರ್ಷ ಮಾಡಿಸಿದ್ದು ಅಂದರೆ ಕುಣಿದ ಮಕ್ಕಳು, ಅವರ ತಂದೆತಾಯಿಗಳು, ಮೇಷ್ಟ್ರು, ಎಲ್ಲರ ಮರ್ಯಾದೆಯ ಪ್ರಶ್ನೆ ಎಂದು ನಿಧಾನವಾಗಿ ಹೇಳಿದರು. ಇನ್ನು ಮುಂದೆ ನಮ್ಮ ಎಲ್ಲಾ ರೆಕಾರ್ಡಿಂಗ್ ಗೌತಮ್‌ಗೇ ಕೊಡ್ತೀನಿ ಎಂದೂ ಸೇರಿಸಿದರು.

"ಕಲೆಯಲ್ಲಿ ಹೆಸರು ಮುಖ್ಯ ಅಲ್ಲ ಸುಮಾ," ಎಂದರು.

"ನಮ್ಮ ಲ್ಯಾಬಲ್ಲಿ ಮೂತ್ರದ ಬಾಟ್ಲಿಗೂ ಹೆಸರು ಅಂಟಿಸ್ತೀವಿ ಮೇಡಂ," ಎಂದೆ. "ಅಷ್ಟು ಮರ್ಯಾದೆನಾದ್ರೂ ನನ್ನ ಗಂಡನ ಹಾಡಿಗೆ ಕೊಡಿ."

ಮೇಡಂ ಮುಖ ಕಿವುಚಿಕೊಂಡು ಎದ್ದು ಮಕ್ಕಳ ಕಡೆ ಹೋದರು. ಕಾಫಿ ಅರ್ಧ ಉಳಿದಿತ್ತು, ನಾನು ಅದನ್ನು ಕುಡಿದೇ ಎದ್ದೆ.

ಮುಂದಿನ ತಿಂಗಳು ವಿಜಯನಗರದ ಸಭಾಂಗಣವೊಂದರಲ್ಲಿ ವೃಷಭಾವತಿ ದಾಸರ ಪ್ರಥಮ ಆರಾಧನೆ ಏರ್ಪಾಡಾಯಿತು. ತೀರಿಕೊಂಡ ಮಹಾತ್ಮರಿಗೆ ವರ್ಷಕ್ಕೊಮ್ಮೆ ಹಾಡಿ, ಪೂಜೆ ಮಾಡಿ, ಪ್ರಸಾದ ಹಂಚುತ್ತಾರಲ್ಲ, ಅದೇ ಆರಾಧನೆ. ಪ್ರಾಯೋಜಕರು ಶ್ರೀರಾಮನ ನಿರ್ಮಾಪಕರು. ಸ್ಟೇಜಿನ ಹಿಂದೆ ದೊಡ್ಡ ಫ್ಲೆಕ್ಸ್, ಅದರಲ್ಲಿ ಬಿಳಿ ಗಡ್ಡದ, ತಂಬೂರಿ ಹಿಡಿದ ದಾಸರು, ಪಕ್ಕದಲ್ಲಿ ನೀಲಿ ಹೊಳೆ, ಹೊಳೆಯಲ್ಲಿ ಕಮಲ. ಫ್ಲೆಕ್ಸಿಗೆ ಹಾರ ಹಾಕಿ ಊದುಬತ್ತಿ ಹಚ್ಚಿದ್ದರು. ಗೌತಮ್‌ನನ್ನು ಟ್ರ್ಯಾಕ್ ಹಾಕಲು ಕರೆದಿದ್ದರು. ಬದುಕಿರುವಾಗಲೇ ತನ್ನ ತಿಥಿಯ ಸೌಂಡ್ ಸಿಸ್ಟಮ್ ನೋಡಿಕೊಂಡವರು ಇವನ ಹೊರತು ಇನ್ನೊಬ್ಬರು ಇರಲಾರರು.

ಮಕ್ಕಳು ಕುಣಿದರು. ಮೇಷ್ಟ್ರು ದಾಸರ ಬಾಲ್ಯದ ಬಗ್ಗೆ ಮಾತಾಡಿದರು, ಅವರಿಗೆ ಈಗ ಬಾಲ್ಯವೂ ಸಿಕ್ಕಿತ್ತು. ಆಮೇಲೆ ಚಿತ್ರತಂಡದ ಪರವಾಗಿ ಎರಡು ಮಾತು ಎಂದು ಗೌತಮ್ ಕೈಗೆ ಮೈಕ್ ಕೊಟ್ಟರು. ಅವನು ಏನು ಹೇಳುತ್ತಾನೆಂದು ನನಗೂ ತಿಳಿಸಿರಲಿಲ್ಲ.

"ಈ ತಿಲ್ಲಾನ ಬರೆದಿದ್ದು ನಾನು," ಎಂದ. "ರಾಗ ಹಾಕಿದ್ದೂ ನಾನು. ವೃಷಭಾವತಿ ದಾಸರು ಅಂತ ಯಾರೂ ಇಲ್ಲ, ಇದ್ರೆ ಅದು ನಾನೇ. ನಾನಿನ್ನೂ ಬದುಕಿದೀನಿ. ದಯವಿಟ್ಟು ಈ ಹಾರ ತೆಗೀರಿ."

ಶ್ರೀರಾಮ್ ಹಣೆ ಹಿಡಿದುಕೊಂಡ. ಮೇಡಂ ಮುಂದಿನ ಸಾಲಿನಲ್ಲಿದ್ದರು. ನಾನು ಅವರನ್ನೇ ನೋಡುತ್ತಿದ್ದೆ. ಅವರು ಪಕ್ಕದ ಮಗುವಿನ ಸರಿಯಾಗಿಯೇ ಇದ್ದ ಗೆಜ್ಜೆಯನ್ನು ಬಿಚ್ಚಿ ಮತ್ತೆ ಕಟ್ಟಲು ಶುರುಮಾಡಿದರು. ಮೇಷ್ಟ್ರು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಇನ್ನೊಂದು ಮೈಕ್ ಹಿಡಿದು ನಗುನಗುತ್ತಾ ಕೇಳಿದರು.

"ತಮ್ಮಾ, ಈ ತಿಲ್ಲಾನಕ್ಕ ಒಂದ ಚರಣ ಸಿಕ್ಕೈತಿ. ನೀನ ಬರದಾಂವ ಆಗಿದ್ರ ಇನ್ನೊಂದು ನಿನ್ನ ಹೊಟ್ಟ್ಯಾಗ ಇರಬೇಕಲ್ಲ. ಹಾಡಿಬಿಡು, ಕೇಳೂಣು."

ಅವನನ್ನು ಸಿಕ್ಕಿಹಾಕಿಸಲು ಕೇಳಿದ್ದು ಅದು. ಇವನು ಕಣ್ಣು ಮುಚ್ಚಿದ. ಶ್ರುತಿ ಹಿಡಿದು, ಅದೇ ರಾಗದಲ್ಲಿ, ನಿಂತಲ್ಲೇ ಹಾಡಿದ.

ನೊರೆಯುಟ್ಟು ಹರಿವವಳೆ, ಕರಿಮೊಗವ ಹೊತ್ತವಳೆ,
ಮೂಗು ಮುಚ್ಚದೆ ನಿನ್ನ ದಾಟುವವರಿಲ್ಲ.
ಊರೆಲ್ಲ ಕಕ್ಕಿದ್ದ ಒಡಲೊಳಗೆ ಇಟ್ಟವಳೆ,
ಹೆಸರಿಟ್ಟು ನಿನ್ನನ್ನು ಕರೆವವರೆ ಇಲ್ಲ.

ಇವನು ನನ್ನ ಗಂಡ ಎಂದು ಆ ಸಭೆಯಲ್ಲಿ ಕೂಗಿ ಹೇಳಬೇಕೆನಿಸಿತು. ಆದರೆ ಸಭೆಗೆ ಬೇರೆಯೇ ಅನಿಸಿತ್ತು. ಪೂಜೆಯ ದಿನ ಇದೆಂಥ ಹೊಲಸು ಎಂದು ಹೆಂಗಸೊಬ್ಬರು ಎದ್ದು ನಿಂತರು. ಇಂಥದ್ದನ್ನು ಬರೆಯುವವನು ಆ ತಿಳಿನೀರನ್ನು ಬರೆದಿರಲು ಸಾಧ್ಯವೇ ಇಲ್ಲ, ಇದಕ್ಕಿಂತ ಸಾಕ್ಷಿ ಬೇಕೇ ಎಂದು ಹಿಂದಿನಿಂದ ಯಾರೋ ಹೇಳಿದರು. ಎಲ್ಲರಿಗೂ ಅದು ಸರಿಯೆನಿಸಿತು. ಹಾರ ಹಾಗೇ ಉಳಿಯಿತು. ಪುಳಿಯೋಗರೆ ಹಂಚಿದರು, ನಮಗೂ ಕೊಟ್ಟರು.

ಸುದ್ದಿ ಹೆಗ್ಗನಹಳ್ಳಿ ಮುಟ್ಟಿ ಮಾವ ಮನೆಗೆ ಬಂದರು. ಮಗನನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳಿದರು. ಅವರು ಜೀವನದಲ್ಲಿ ಕಂಡ ಜಗಳಗಳೆಲ್ಲ ಜಮೀನಿನವು. ಸತ್ತವರ ಆಸ್ತಿಗೆ ಕಳ್ಳ ಪತ್ರ ಮಾಡಿಸಿಕೊಂಡು ಉದ್ಧಾರವಾದವರನ್ನು ನಾನು ನೋಡಿಲ್ಲ ಕಣಪ್ಪ, ದಾಸರದು ದಾಸರಿಗೇ ಇರಲಿ, ನೀನು ನಿನ್ನ ಸ್ವಂತದ್ದು ಏನಾದರೂ ಮಾಡು ಎಂದರು. ಇದು ಅವರ ಸ್ವಂತದ್ದೇ ಮಾವ, ನಾನೇ ಜೊತೆಗಿದ್ದೆ ಎಂದೆ. ಮಾವನ ಮುಂದೆ ಗಂಡನನ್ನು ನಾನು ಅವರು ಎನ್ನುತ್ತೇನೆ. ಗಂಡನ ಪರ ವಹಿಸಬೇಕಾದ್ದೇ ಕಣಮ್ಮ ಎಂದು ಮಾವ ಮೆಚ್ಚಿಕೊಂಡರು. ಪೇಪರಿನಲ್ಲಿ ಮೇಷ್ಟ್ರು ಬರೆದಿದ್ದಾರೆ, ಅಷ್ಟು ಓದಿದವರು ಸುಳ್ಳು ಹೇಳುತ್ತಾರಾ ಎಂದು ಕೇಳಿ ಹೊರಟರು.

ಓದಿದವರು ಇನ್ನೂ ಬರೆಯುವುದಿತ್ತು. ಆ ದಿನ ಸಭೆಯಲ್ಲಿ ಯಾರೋ ಫೋನಿನಲ್ಲಿ ಹಿಡಿದುಕೊಂಡ ವಿಡಿಯೋ ಊರೆಲ್ಲ ಹರಡಿತು. ಹಿಡಿದವರು ಹಿಂದೆ ಕೂತಿದ್ದರು. ಮುಂದಿನ ತಲೆಗಳು ಅಡ್ಡ ಬಂದು ಹಾಡುವವನು ಕಾಣುವುದೇ ಇಲ್ಲ. ಕಾಣುವುದು ಫ್ಲೆಕ್ಸಿನ ಗಡ್ಡದ ದಾಸರು, ಕೇಳುವುದು ಗೌತಮ್ ದನಿ. ಹೊಲಸು ಎಂದವರೇ ಅದನ್ನು ಕೈಮುಗಿಯುವ ಚಿಹ್ನೆ ಹಾಕಿ ಎಲ್ಲರಿಗೂ ಕಳಿಸತೊಡಗಿದರು. ಮುಂದಿನ ಭಾನುವಾರಗಳಲ್ಲೊಂದರಲ್ಲಿ ಮೇಷ್ಟ್ರ ಎರಡನೇ ಲೇಖನ ಬಂತು. ದಾಸರ ಎರಡನೇ ಚರಣ ದೊರೆತಿದೆ ಎಂದು ಅದರ ಸಾರಾಂಶ. ಆರಾಧನೆಯ ದಿನ ಯುವಕನೊಬ್ಬ ಅದನ್ನು ತನ್ನದೆಂದು ಹಾಡಿದ್ದು ನಿಜ. ಆದರೆ ನಿಂತ ನಿಲುವಿನಲ್ಲಿ, ಅಷ್ಟು ಬೇಗ, ಅಷ್ಟು ಶುದ್ಧವಾಗಿ ಇಂದಿನ ಯಾರಿಗೂ ಕಟ್ಟಲು ಬಾರದು. ಆದ್ದರಿಂದ ಆ ಚರಣ ಮೊದಲೇ ಇದ್ದದ್ದು. ಬಾಲ್ಯದಲ್ಲಿ ಮನೆಯ ಹಿರಿಯರ ಬಾಯಲ್ಲಿ ಕೇಳಿ ಅವನು ಮರೆತಿರಬೇಕು. ನೊರೆ, ನಾತ, ಮುಚ್ಚಿದ ಮೂಗು, ಇವೆಲ್ಲವನ್ನೂ ತಿಳಿನೀರಿನ ಕಾಲದಲ್ಲೇ ಕಂಡು ಹೇಳಿದ ದಾಸರದು ಕಾಲಜ್ಞಾನ.

ಈ 'ಆದ್ದರಿಂದ' ಎಂಬ ಪದವನ್ನು ಮೇಷ್ಟ್ರ ಕೈಯಿಂದ ಕಿತ್ತುಕೊಳ್ಳಬೇಕಿತ್ತು, ನಿವೃತ್ತಿಯ ದಿನವೇ. ನಾನು ಪೇಪರನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ. ಗೌತಮ್ ಅದನ್ನು ತೆಗೆದು ಜೋಡಿಸಿ ಪೂರ್ತಿ ಓದಿದ. ಅವನು ಈ ಸಲ ನಗಲಿಲ್ಲ, ಬೈಯಲೂ ಇಲ್ಲ. ನನ್ನನ್ನು ಇಷ್ಟು ಯಾರೂ ಹೊಗಳಿಲ್ಲ ಕಣೇ ಎಂದ.

ಎರಡನೇ ಚರಣವೂ ಸಿನಿಮಾ ಸೇರಿತು. ಶ್ರೀರಾಮ್ ಫೋನ್ ಮಾಡಿ, ದೊಡ್ಡ ಮನಸ್ಸಿನಿಂದ, ಆವತ್ತಿನ ಗಲಾಟೆ ಮರೆತಿದ್ದೇನೆ, ಹಿನ್ನೆಲೆ ಸಂಗೀತ ನೀವೇ ಮುಗಿಸಿಕೊಡಿ ಎಂದ. ಇವನು ಮುಗಿಸಿಕೊಟ್ಟ. ಯಾಕೆಂದು ನಾನು ಜಗಳ ಮಾಡಿದೆ. ಕೊನೆಯಲ್ಲಾದರೂ ಹೆಸರು ಬರುತ್ತದೆ, ಅಪ್ಪ ನೋಡಲಿ ಎಂದ.

ಬಿಡುಗಡೆಯ ದಿನ ಮಾಗಡಿ ರಸ್ತೆಯ ಥಿಯೇಟರಿಗೆ ಮೂವರೂ ಹೋದೆವು. ಮಾವ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ, ಕನ್ನಡಕ ಒರೆಸಿಕೊಂಡು ಕೂತರು. ಚಿತ್ರ ಶುರುವಾಗುತ್ತಲೇ ಪರದೆಯ ಮೇಲೆ ದೀಪ ಉರಿಯಿತು, ಗಂಟೆ ಮೊಳಗಿತು, ಸಾಹಿತ್ಯ ಮತ್ತು ಸಂಗೀತ ವೃಷಭಾವತಿ ದಾಸರು ಎಂದು ಒಂಟಿ ಕಾರ್ಡ್ ಬಂತು. ಜನ ಚಪ್ಪಾಳೆ ತಟ್ಟಿದರು. ಮಾವನೂ ತಟ್ಟಿದರು. ನಿಂದು ಯಾವಾಗ ಎಂದು ಮಗನನ್ನು ಕೇಳಿದರು. ಕೊನೇಲಿ ಅಪ್ಪ ಎಂದ.

ಸಿನಿಮಾ ಅಂಥದ್ದೇನಲ್ಲ. ಆದರೆ ಕ್ಲೈಮ್ಯಾಕ್ಸಿನಲ್ಲಿ ನರ್ತಕಿ ಮೋರಿಯ ದಂಡೆಯ ಮೇಲೆ ಕುಣಿಯುವಾಗ ಇವನ ದನಿ ಎದ್ದಿತು, ಹೆಸರಿಟ್ಟು ನಿನ್ನನ್ನು ಕರೆವವರೆ ಇಲ್ಲ ಎಂದು. ನಮ್ಮ ಮುಂದಿನ ಸಾಲಿನ ಹುಡುಗರು ಕೂಡ ಫೋನು ಕೆಳಗಿಟ್ಟರು. ಮಾವ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಚಿತ್ರ ಮುಗಿದು ಹೆಸರುಗಳು ಕೆಳಗಿನಿಂದ ಮೇಲೇಳತೊಡಗಿದವು. ಊಟದವರು, ಲೈಟಿನವರು, ವಾಹನ ಚಾಲಕರು. ನಾವು ಮೂವರೂ ಕತ್ತು ಮುಂದೆ ಮಾಡಿ ಕೂತೆವು. ಅಷ್ಟರಲ್ಲಿ ಲೈಟು ಹತ್ತಿತು, ಪರದೆ ಬೆಳ್ಳಗಾಯಿತು. ಮುಂದಿನ ಆಟಕ್ಕೆ ಗುಡಿಸಬೇಕು, ಏಳಿ ಸಾರ್ ಎಂದು ಥಿಯೇಟರಿನವರು ಬಂದರು. ಗೌತಮ್ ಕದಲಲಿಲ್ಲ, ಬಿಳಿ ಪರದೆಯನ್ನೇ ನೋಡುತ್ತಿದ್ದ. ಮಾವ ಅವನ ಭುಜದ ಮೇಲೆ ಕೈ ಇಟ್ಟರು. ಆ ಕೈಯಲ್ಲಿ ಕೋಪವಿರಲಿಲ್ಲ.

"ಇರ್ಲಿ ಬಿಡಪ್ಪ," ಎಂದರು. "ಆದ್ರೆ ಅಂಥ ಹಾಡು ಕಟ್ಟಿದ್ನಲ್ಲ, ಅವನು ಮಗ ಅಂದ್ರೆ. ಅವನ್ನ ಹೆತ್ತೋರು ಪುಣ್ಯವಂತರು."

ಗೌತಮ್ ತಲೆ ಬಗ್ಗಿಸಿ ಹೌದಪ್ಪ ಎಂದ. ನನಗೆ ತಡೆಯಲಾಗಲಿಲ್ಲ.

"ಮಾವ, ಆ ಪುಣ್ಯವಂತರು ನೀವೇ," ಎಂದೆ.

ಮಾವ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಆಮೇಲೆ ಮನಸಾರೆ ನಕ್ಕರು. ಸೊಸೆ ಬೆಣ್ಣೆ ಹಚ್ಚೋದ್ರಲ್ಲಿ ಗಟ್ಟಿಗಿತ್ತಿ ಕಣಪ್ಪ ಎಂದು ಅವನಿಗೆ ಹೇಳಿ, ಪಾರ್ಕಿಂಗ್ ಚೀಟಿ ಯಾರ ಹತ್ತಿರ ಇದೆ ಎಂದು ಕೇಳುತ್ತಾ ಮೆಟ್ಟಿಲು ಇಳಿದರು.